ವೇದಿಕೆಗೆ ಮಾತ್ರ ಕೇಳಿಸಿದ ಹಾಡು

ನಮ್ಮ ಕ್ಲಬ್ಬಿನಲ್ಲಿ ಯಾರೂ ಗುಟ್ಟು ಹೇಳಲು ಹೋಗುವುದಿಲ್ಲ. ಹೇಳಿದರೆ ಅದು ಹೊರಗಿನ ಸೈಕಲ್ ಸ್ಟ್ಯಾಂಡಿನವರೆಗೂ ಕೇಳಿಸುತ್ತದೆ. ಇದು ಹಿಂದೆ ಬಾಟಲಿ ಕಾರ್ಖಾನೆಯ ನೌಕರರ ಕ್ಲಬ್ಬು. ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಆದರೆ ಗಾಜಿನ ಬಾಟಲಿಗಳು ಒಂದಕ್ಕೊಂದು ಬಡಿದುಕೊಂಡು ಬರುವ ಸಾಲಿನ ಪಕ್ಕ ಅರ್ಧ ಆಯುಷ್ಯ ನಿಂತವರ ಕಿವಿ ಮತ್ತೆ ಸರಿಹೋಗಲಿಲ್ಲ. "ಟೀ ಬೇಕಾ?" ಎಂದು ಕೇಳುವುದಕ್ಕೂ ನಮ್ಮಲ್ಲಿ ಜಗಳಕ್ಕೆ ನಿಂತವರ ಹಾಗೆ ಕೂಗುತ್ತಾರೆ. ಹೊಸಬರು ಬಂದರೆ ಒಳಗೆ ಹೊಡೆದಾಟ ನಡೆಯುತ್ತಿದೆ ಎಂದುಕೊಂಡು ಬಾಗಿಲಲ್ಲೇ ನಿಂತುಬಿಡುತ್ತಾರೆ. ಇಂಥ ಗಂಟಲಿನ ಜನ ಒಂದು ಗುಟ್ಟನ್ನು ವರ್ಷಕ್ಕೂ ಹೆಚ್ಚು ಕಾಲ ಬಾಯಿಬಿಡದೆ ಕಾಪಾಡಿದರು. ಅದೂ ನನ್ನ ಕಣ್ಣೆದುರಿಗೇ. ನನಗೆ ಮಾತ್ರ ಗೊತ್ತಿರಲಿಲ್ಲ.

ನಾನು ಬಡಗಿ. ಶನಿವಾರ ಸಂಜೆ ಕ್ಲಬ್ಬಿನ ವೇದಿಕೆಯಲ್ಲಿ ಡ್ರಮ್ಮು ಬಾರಿಸುತ್ತೇನೆ. "ವಾರವೆಲ್ಲ ಮೊಳೆ ತಲೆಗೆ ಹೊಡೀತಾನೆ, ಶನಿವಾರ ನಮ್ಮ ತಲೆಗೆ ಹೊಡೀತಾನೆ" ಎಂದು ಕ್ಯಾಂಟೀನಮ್ಮ ಹೇಳುತ್ತಾಳೆ. ಹೇಳಲಿ ಬಿಡಿ, ಅವಳ ಟೀಗೆ ನಾನು ಇಟ್ಟಿರುವ ಹೆಸರು ಇಲ್ಲಿ ಬರೆಯುವಂಥದ್ದಲ್ಲ. ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ವಾಲ್ಯೂಮ್‌ನದು.

ವಾಲ್ಯೂಮ್ ಎಂದರೆ ನಮ್ಮ ಮೈಕಿನವನು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಅದು ಈಗ ಅವನ ಗುರುತಿನ ಚೀಟಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿಲ್ಲ. ಅವನು ಮಾತಾಡಿದರೆ ಎದುರಿಗಿದ್ದವರು ಕಿವಿಯನ್ನು ಅವನ ಬಾಯಿಗೆ ಹಚ್ಚಬೇಕು, ಅಷ್ಟು ಮೆತ್ತಗಿನ ದನಿ. ಹುಡುಗನಾಗಿದ್ದಾಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇನ್ನೊಂದು ಲೋಟ ಟೀ ಕೇಳಿ ಕೇಳಿ ಸೋತು ನಿಂತಿದ್ದನಂತೆ. ಯಾರೋ "ವಾಲ್ಯೂಮ್ ಜಾಸ್ತಿ ಮಾಡೋ!" ಎಂದು ಕೂಗಿದರು. ಅವತ್ತು ಹಚ್ಚಿದ ಹೆಸರು ಇವತ್ತಿಗೂ ಬಿಟ್ಟಿಲ್ಲ. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಬೀದಿಯ ಕೊನೆಯಲ್ಲಿ ಅವನದೊಂದು ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ. ಅಂಗಡಿ ಅಂದರೆ ಒಂದು ಬಾಗಿಲು, ಒಂದು ಮೇಜು, ಸತ್ತ ಮೋಟಾರುಗಳ ಒಂದು ರಾಶಿ. ಆದರೆ ಅವನು ನಿಜವಾಗಿ ಬದುಕುತ್ತಿದ್ದದ್ದು ಶನಿವಾರ ಸಂಜೆ. ಕ್ಲಬ್ಬಿನ ದೊಡ್ಡ ಕೋಣೆಯ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗೆ ಅವನ ಮೇಜು. ಮೇಜಿನ ಮೇಲೆ ಮೈಕುಗಳ ದನಿಯನ್ನೆಲ್ಲ ಕೂಡಿಸುವ ಯಂತ್ರ. ಅದರಲ್ಲಿ ಮೇಲೆ ಕೆಳಗೆ ಸರಿಸುವ ಗುಂಡಿಗಳ ಸಾಲು. ಪ್ರತಿಯೊಂದರ ಕೆಳಗೂ ಬಿಳಿ ಪಟ್ಟಿ ಅಂಟಿಸಿ ಪೆನ್ನಿನಲ್ಲಿ ಬರೆದಿದ್ದ: ಗಿಟಾರು, ಕೀಬೋರ್ಡು, ಡಬಡಬ (ಇದು ನಾನು), ಪುಟ್ಟಿ, ಅಕ್ಕ. ಅವನ ಹೆಡ್‌ಫೋನಿನ ಸ್ಪಂಜು ಹರಿದುಹೋಗಿ, ಅದಕ್ಕೆ ಅಕ್ಕನ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಹೊಲಿದುಕೊಂಡಿದ್ದ. ಬೇಸಿಗೆಯಲ್ಲಿ ಕಿವಿ ಬೆವರುತ್ತಿದ್ದರೂ ತೆಗೆಯುತ್ತಿರಲಿಲ್ಲ.

ಅಕ್ಕ ಅವನ ಸ್ವಂತ ಅಕ್ಕ. ಕ್ಲಬ್ಬಿನಲ್ಲಿ ಅವರಿಗಿಂತ ಹಿರಿಯರೂ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ನಮ್ಮ ಶನಿವಾರ ಎಂದರೆ ಅಕ್ಕನ ಹಾಡು. ಉಳಿದ ನಾವೆಲ್ಲ ಊಟದ ಜೊತೆ ಇಡುವ ನೀರಿನ ಲೋಟದ ಹಾಗೆ, ಇರಬೇಕು ಅಷ್ಟೆ. ಕಾರ್ಖಾನೆಯಲ್ಲಿ ಬಾಟಲಿ ತೊಳೆಯುವ ಸಾಲಿನಲ್ಲಿ ನಿಂತು, ಆ ಗಲಾಟೆಯ ಮೇಲೆ ದನಿ ಎತ್ತಿ ಹಾಡಿ ಹಾಡಿ ಬೆಳೆದ ಗಂಟಲು ಅದು. ಮದುವೆಯಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ, "ನನಗೆ ಈ ಮೈಕೇ ಸಾಕು. ಎಷ್ಟು ಹತ್ತಿರ ನಿಂತು ಕೂಗಿದ್ರೂ ತಿರುಗಿ ಮಾತಾಡಲ್ಲ" ಎನ್ನುತ್ತಿದ್ದರು. ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ವಾಲ್ಯೂಮ್‌ನನ್ನು ಬೆಳೆಸಿದವರೂ ಅವರೇ. ತಾಯಿ ಅವನು ಮಗುವಾಗಿದ್ದಾಗಲೇ ತೀರಿಕೊಂಡಳು. ಅಪ್ಪ ಲಾರಿ ಓಡಿಸುತ್ತಿದ್ದ, ಮನೆಗೆ ಬಂದರೂ ನೆಂಟನಂತೆ ಬಂದು ಹೋಗುತ್ತಿದ್ದ. ಇವನಿಗೋ ಕತ್ತಲೆಂದರೆ ಪ್ರಾಣ ಹೋಗುವಷ್ಟು ಭಯ. ಕರೆಂಟು ಹೋದರೆ ಸಾಕು, ಇದ್ದಲ್ಲೇ ಕಲ್ಲಾಗಿ "ಅಕ್ಕಾ..." ಎನ್ನುತ್ತಿದ್ದ. ಅಡುಗೆಮನೆಯಲ್ಲಿದ್ದ ಅಕ್ಕ ಅಲ್ಲಿಂದಲೇ ಹಾಡು ಶುರುಮಾಡುತ್ತಿದ್ದರು. ನಡುವೆ ನಿಲ್ಲಿಸಿ, "ಕೇಳಿಸ್ತೇನೋ?" ಎನ್ನುತ್ತಿದ್ದರು. "ಕೇಳಿಸ್ತು" ಎಂದು ಇವನು ಹೇಳಬೇಕು. ಹೇಳಿದರೆ ಮುಂದಿನ ಸಾಲು. ದೀಪ ಬರುವವರೆಗೂ ಹೀಗೆ. ಮೊದಲ ಬಾರಿ ಅವನು ಇದನ್ನು ನನಗೆ ಹೇಳಿದಾಗ, "ಮೇಣದಬತ್ತಿ ಇರಲಿಲ್ವೇನೋ ಮನೇಲಿ?" ಎಂದು ರೇಗಿಸಿದ್ದೆ. "ಅಕ್ಕ ಇದ್ದಳಲ್ಲ" ಎಂದಿದ್ದ. ಅವನಿಗೆ ಮದುವೆಯಾಗಿ, ಮಗಳು ಪುಟ್ಟಿ ಹುಟ್ಟಿ, ಅವನು ಕೆಳಗಿನ ಮನೆಯಲ್ಲಿ, ಅಕ್ಕ ಮೇಲಿನ ಕೋಣೆಯಲ್ಲಿ ಇರುವಂತಾದ ಮೇಲೂ ಆ ಮನೆಗೆ ಮೇಣದಬತ್ತಿ ಬರಲಿಲ್ಲ. ಕರೆಂಟು ಹೋದರೆ ಎಲ್ಲರೂ ಇದ್ದಲ್ಲೇ ಕೂರುವುದು, ಅಕ್ಕ ಮೇಲಿನಿಂದ ಹಾಡುವುದು. ಪುಟ್ಟಿ ಹಾಡು ಕಲಿತದ್ದೇ ಹಾಗೆ.

ಶನಿವಾರವೂ ಅದೇ ಕ್ರಮ. ಎಲ್ಲ ಸಿದ್ಧವಾದ ಮೇಲೆ ಅಕ್ಕ ಮೈಕಿನ ಮುಂದೆ ಬಂದು, ತುಂಬಿದ ಸಭೆಯ ತಲೆಗಳನ್ನೆಲ್ಲ ದಾಟಿ ಹಿಂದಿನ ಮೇಜಿನ ಕಡೆ ನೋಡಿ, "ಕೇಳಿಸ್ತೇನೋ?" ಎನ್ನುತ್ತಿದ್ದರು. ಮೆಟ್ಟಿಲ ಕೆಳಗಿನಿಂದ ಒಂದು ಕೈ ಮೇಲೇಳುತ್ತಿತ್ತು. ಆ ಕೈ ಎದ್ದ ಮೇಲೇ ನಾನು ಕೋಲು ಎತ್ತುತ್ತಿದ್ದದ್ದು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ವೇದಿಕೆಯ ಮೇಲೆ ನಿಂತವರಿಗೆ ಕೇಳಿಸುವುದೇ ಬೇರೆ, ಸಭೆಗೆ ಕೇಳಿಸುವುದೇ ಬೇರೆ. ಸಭೆಯ ಕಡೆಗೆ ಮುಖ ಮಾಡಿದ ಎರಡು ದೊಡ್ಡ ಸ್ಪೀಕರುಗಳು ಗೋಡೆಯ ಮೇಲಿವೆ. ನಮ್ಮ ಕಾಲ ಬುಡದಲ್ಲಿ, ನಮ್ಮ ಕಡೆಗೆ ಮುಖ ಮಾಡಿದ ಇನ್ನೊಂದು ಪೆಟ್ಟಿಗೆ ಇದೆ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸಲಿ ಎಂದು ಅದು. ಎರಡಕ್ಕೂ ಬೇರೆ ಬೇರೆ ಗುಂಡಿ. ಸಭೆಗೆ ಏನು ಹೋಗುತ್ತಿದೆ ಎಂಬುದು ಮೈಕಿನವನಿಗೆ ಗೊತ್ತು, ಸಭೆಗೆ ಗೊತ್ತು. ನಮಗೆ ಗೊತ್ತಾಗುವುದಿಲ್ಲ. ಅದನ್ನು ತಿಳಿಯಬೇಕಾದರೆ ಕೆಳಗಿಳಿದು ಬರಬೇಕು, ಹಾಡುತ್ತ ಯಾರು ಇಳಿಯುತ್ತಾರೆ?

ಅಕ್ಕನ ದನಿ ಯಾವಾಗ ಜಾರಲು ಶುರುವಾಯಿತೋ ಹೇಳಲಾರೆ. ಒಂದು ಚಳಿಗಾಲ ತುಂಬ ಕೆಮ್ಮಿದರು. ಆಮೇಲೆ ಅವರ ನೆಚ್ಚಿನ ಹಾಡಿನಲ್ಲಿ, ಕತ್ತಲಲ್ಲಿ ತಮ್ಮನಿಗೆ ಹಾಡುತ್ತಿದ್ದ ಅದೇ ಹಾಡಿನಲ್ಲಿ, ದನಿ ಮೇಲೇರುವ ಜಾಗ ಬಂದಾಗ ಅದು ಏರದೆ ಬಿರುಕು ಬಿಡುತ್ತಿತ್ತು. ಶ್ರುತಿ ಒಂದು ಕಡೆ, ಅಕ್ಕ ಒಂದು ಕಡೆ. ನಾವು ವೇದಿಕೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದೆವು, ಅಷ್ಟೆ. ಬಾಟಲಿಗಳು ಕೆಡಿಸಿದ್ದ ಅಕ್ಕನ ಕಿವಿಗೆ ಮಾತ್ರ ತನ್ನ ದನಿ ಮೊದಲಿನ ಹಾಗೇ ಕೇಳಿಸುತ್ತಿತ್ತು. ಹಾಡು ಮುಗಿಯುತ್ತಲೇ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಎಂಥ ಜನ ನಮ್ಮವರು, ದನಿ ಹೋದರೂ ಪ್ರೀತಿ ಬಿಡಲಿಲ್ಲವಲ್ಲ ಎಂದು ನನ್ನ ಎದೆ ತುಂಬಿ ಬರುತ್ತಿತ್ತು. ಆ ಖುಷಿಯಲ್ಲಿ ಒಂದೆರಡು ಏಟು ಜಾಸ್ತಿಯೇ ಹೊಡೆಯುತ್ತಿದ್ದೆ.

ಕ್ಲಬ್ಬಿನ ಸೆಕ್ರೆಟರಿ ಒಬ್ಬ ಉತ್ಸಾಹಿ. ಹೊಸ ಟ್ಯೂಬ್‌ಲೈಟು ಹಾಕಿಸಿದರೂ ಭಾಷಣ ಮಾಡಿ ಸ್ವಿಚ್ಚು ಒತ್ತುವ ಆಸಾಮಿ. ಒಂದು ಶನಿವಾರ ಅವನು ಯಾರಿಗೂ ಹೇಳದೆ ವೈರಿಲ್ಲದ ಮೈಕೊಂದನ್ನು ತಂದು, ಕಾರ್ಯಕ್ರಮದ ನಡುವೆ ವೇದಿಕೆ ಹತ್ತಿ, "ನಮ್ಮ ಅಕ್ಕ ಇನ್ನು ಮೇಲೆ ಕಟ್ಟಿಹಾಕಿದ ಹಾಗೆ ಒಂದೇ ಕಡೆ ನಿಂತು ಹಾಡಬೇಕಾಗಿಲ್ಲ" ಎಂದು ಅವರ ಕೈಗಿತ್ತ. ವಾಲ್ಯೂಮ್ ಎದ್ದು ಬಂದು, ಅದರ ಜೊತೆಗಿದ್ದ ದನಿ ಹಿಡಿಯುವ ಸಣ್ಣ ಡಬ್ಬಿಯನ್ನು ಒಯ್ದು, ಅದರ ತಂತಿಯನ್ನು ತನ್ನ ಯಂತ್ರಕ್ಕೆ, ಅಕ್ಕ ಎಂದು ಬರೆದ ಜಾಗಕ್ಕೇ ಸಿಕ್ಕಿಸಿದ. ಅವನ ಮುಖ ಬಿಳಿಚಿಕೊಂಡಿತ್ತು. ಹೊಸ ಸಾಮಾನು ಕಂಡರೆ ಹಳೆ ಮೆಕ್ಯಾನಿಕ್ಕುಗಳಿಗೆ ಹೀಗಾಗುತ್ತದೆ ಎಂದುಕೊಂಡೆ.

"ಕೇಳಿಸ್ತೇನೋ?" ಎಂದರು ಅಕ್ಕ. ಕೈ ಎದ್ದಿತು. ಅದೇ ಹಾಡು ಶುರುವಾಯಿತು. ಪಕ್ಕದ ಮೈಕಿನಲ್ಲಿ ಪುಟ್ಟಿ ಎಂದಿನಂತೆ ಕಣ್ಣು ಮುಚ್ಚಿ ಜೊತೆಯಲ್ಲಿ ಹಾಡುತ್ತಿದ್ದಳು. ಮೊದಲ ಚರಣ ಮುಗಿದ ಮೇಲೆ ಅಕ್ಕ ಹುಡುಗಿಯ ಹಾಗೆ ನಕ್ಕು, ಸೀರೆಯ ಅಂಚು ಹಿಡಿದುಕೊಂಡು ವೇದಿಕೆಯ ಮೆಟ್ಟಿಲಿಳಿದರು. ಕುರ್ಚಿಗಳ ನಡುವೆ ಹಾಡುತ್ತ ನಡೆದರು. ತಮ್ಮ ಜೊತೆ ಬಾಟಲಿ ತೊಳೆದವರ ಭುಜ ಮುಟ್ಟಿದರು. ಗೋಡೆಯ ಸ್ಪೀಕರಿನ ಕೆಳಗೆ ಬಂದರು. ಅಲ್ಲಿ ನಿಂತರು.

ಅವರ ತುಟಿ ಮುಚ್ಚಿದ್ದನ್ನು ನಾನು ಕಂಡೆ. ಸಭೆಯ ಮುಖಗಳಲ್ಲಿ ಏನೂ ಬದಲಾಗಲಿಲ್ಲ. ಹಾಡುವವರು ಹಾಡು ನಿಲ್ಲಿಸಿದ್ದಾರೆ, ಕೇಳುವವರು ಕೇಳುತ್ತಲೇ ಇದ್ದಾರೆ. ಅಕ್ಕ ತಲೆಯೆತ್ತಿ ಆ ಸ್ಪೀಕರನ್ನು ನೋಡಿದರು. ಅದರೊಳಗಿಂದ ಬರುತ್ತಿದ್ದದ್ದು ಪುಟ್ಟಿಯ ದನಿ ಒಂದೇ. ಅವರು ಮತ್ತೆ ಒಂದು ಸಾಲು ಹಾಡಿ ನೋಡಿದರು. ನನ್ನ ಕಾಲ ಬುಡದ ಪೆಟ್ಟಿಗೆಯಲ್ಲಿ ಆ ಸಾಲು ಗಟ್ಟಿಯಾಗಿ ಬಂತು. ಅಲ್ಲಿ, ಅವರ ತಲೆಯ ಮೇಲೆ, ಬರಲಿಲ್ಲ.

ಅಕ್ಕ ನೇರವಾಗಿ ಮೆಟ್ಟಿಲ ಕೆಳಗಿನ ಮೇಜಿಗೆ ಹೋದರು. ಬಿಳಿ ಪಟ್ಟಿಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಬಗ್ಗಿ ಓದಿದರು. ಪುಟ್ಟಿಯ ಗುಂಡಿ ಮೇಲಿತ್ತು, ಅಕ್ಕನದು ತಳದಲ್ಲಿತ್ತು. ಕೈಯಲ್ಲಿ ಮೈಕು ಹಾಗೇ ಇತ್ತು. ಅವರು ತಮ್ಮನಿಗೆ ಹೇಳಿದ್ದು ಅಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರಿಗೂ ಕೇಳಿಸಲಿಲ್ಲ. ಕೋಣೆಯ ಈ ತುದಿಯಲ್ಲಿದ್ದ ನಮಗೆ, ವೇದಿಕೆಯ ಪೆಟ್ಟಿಗೆಯಲ್ಲಿ, ಕಿವಿಯಲ್ಲಿ ಹೇಳಿದ ಹಾಗೆ ಕೇಳಿಸಿತು.

"ಯಾವಾಗಿಂದ ಕಣೋ?"

ಅವನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿದ.

"ಮಗಳನ್ನ ಮುಂದೆ ತರಬೇಕು ಅಂತಿದ್ದರೆ ನನಗೆ ಒಂದು ಮಾತು ಹೇಳಬಾರದಿತ್ತಾ? ನಾನೇ ಕೈಹಿಡಿದು ನಿಲ್ಲಿಸ್ತಿರಲಿಲ್ವಾ ಅವಳನ್ನ? ನನ್ನ ಬಾಯಿ ಮುಚ್ಚಿಸಿ ಅವಳ ಬಾಯಿ ತೆರೆಸಬೇಕಾಗಿತ್ತಾ?"

ನನ್ನ ಕೈ ತನ್ನಷ್ಟಕ್ಕೆ ತಾನೇ ತಾಳ ಹಾಕುತ್ತಿತ್ತು. ಗಿಟಾರಿನವನೂ ನಿಲ್ಲಿಸಿರಲಿಲ್ಲ. ಪುಟ್ಟಿ ಕಣ್ಣು ತೆರೆದಳು. ಹಾಡು ಅವಳ ಬಾಯಲ್ಲೇ ನಿಂತಿತು. ಪಾಪದ ಹುಡುಗಿ ಸಾಲು ಮರೆತಳು ಎಂದುಕೊಂಡು ಸಭೆ ಹುರಿದುಂಬಿಸಲು ಚಪ್ಪಾಳೆ ಹೊಡೆಯಿತು.

"ಮಗಳಿಗೋಸ್ಕರ ತಾನೇ? ಹೇಳೋ."

ಆ ಮೆತ್ತಗಿನ ದನಿ ಹತ್ತಿರದ ಮೈಕಿನಲ್ಲಿ ಸಿಕ್ಕಿ ನಮ್ಮವರೆಗೂ ಬಂತು. "ಹೂಂ ಅಕ್ಕ," ಎಂದ. "ಅವಳಿಗೋಸ್ಕರಾನೇ."

ಅಕ್ಕ ಮೈಕನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಇಟ್ಟ ಸದ್ದು ನನ್ನ ಪೆಟ್ಟಿಗೆಯಲ್ಲಿ ಬಾಗಿಲು ಬಡಿದ ಹಾಗೆ ಕೇಳಿಸಿತು. ಪುಟ್ಟಿ ವೇದಿಕೆಯ ಪಕ್ಕದ ಪರದೆಯ ಹಿಂದೆ ಹೋಗಿ ಕೂತು ಅಳುತ್ತಿದ್ದಳು.

ಮರುದಿನ ಕ್ಯಾಂಟೀನಮ್ಮನ ಹತ್ತಿರ ಹೋಗಿ ಕೂಗಾಡಿದೆ. ತಮ್ಮ ಎಂದರೆ ಇವನೇನಾ, ಉಂಡ ಮನೆಗೆ ಎರಡು ಬಗೆಯುತ್ತಾರಾ ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ಅವಳು ಲೋಟ ಒರೆಸುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅವಳಿಗೆ ಒಗ್ಗದ ಸಣ್ಣ ದನಿಯಲ್ಲಿ, "ನಿನಗೆ ಅಲ್ಲಿ ಮೇಲೆ ಕೂತು ಏನು ಗೊತ್ತು?" ಎಂದಳು.

ನಡೆದದ್ದು ಇಷ್ಟು. ಆ ಕೆಮ್ಮಿನ ಚಳಿಗಾಲ ಮುಗಿದ ಮೇಲೆ ಒಂದು ಶನಿವಾರ ಸೆಕ್ರೆಟರಿಯ ನೆಂಟರು ಸಭೆಗೆ ಬಂದಿದ್ದರು. ಅಕ್ಕನ ದನಿ ಬಿರುಕು ಬಿಟ್ಟಾಗ ಅವರಲ್ಲಿ ಒಬ್ಬ ನಕ್ಕ. ಪಕ್ಕದವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಸಾಲಿನಿಂದ ಸಾಲಿಗೆ ಹರಿಯಿತು. ಅಕ್ಕ ಹಾಡಿನಲ್ಲಿ ಮುಳುಗಿದ್ದರು, ಇನ್ನೊಂದು ಗಳಿಗೆಯಾದರೆ ಅವರ ಕಣ್ಣಿಗೆ ಬೀಳುತ್ತಿತ್ತು. ವಾಲ್ಯೂಮ್ ಏನೂ ಯೋಚಿಸಲಿಲ್ಲ, ಕೈ ಹೋಯಿತು. ಒಂದು ಗುಂಡಿ ಕೆಳಗೆ, ಒಂದು ಗುಂಡಿ ಮೇಲೆ. ಸಭೆಯ ಸ್ಪೀಕರಿನಲ್ಲಿ ಪುಟ್ಟಿಯ ದನಿ ತುಂಬಿತು, ನಗು ನಿಂತಿತು. ಹಾಡು ಮುಗಿದಾಗ ಚಪ್ಪಾಳೆ ಬಿತ್ತು, ಅಕ್ಕ ತಲೆ ಬಾಗಿ ನಕ್ಕರು. "ಅವತ್ತು ಅವನು ಮೇಜಿನ ಕೆಳಗೆ ತಲೆ ಹಾಕಿ ವೈರು ಹುಡುಕೋನ ಹಾಗೆ ತುಂಬ ಹೊತ್ತು ಕೂತಿದ್ದ. ವೈರೇನೂ ಹೋಗಿರಲಿಲ್ಲ" ಎಂದಳು ಕ್ಯಾಂಟೀನಮ್ಮ. ಮುಂದಿನ ವಾರವೂ ಹಾಗೇ ಮಾಡಿದ. ಸಭೆಗೆ ಗೊತ್ತಾಯಿತು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಆ ಕೂಗುಮಾರಿಗಳ ಸಭೆ ಬಾಯಿಗೆ ಬೀಗ ಹಾಕಿಕೊಂಡು, ಪುಟ್ಟಿಯ ದನಿ ಕೇಳಿ, ಅಕ್ಕನ ಮುಖ ನೋಡಿ ಚಪ್ಪಾಳೆ ತಟ್ಟುತ್ತ ಬಂತು.

ನಾನು ನೇರ ಅವನ ಅಂಗಡಿಗೆ ಹೋದೆ. ಫ್ಯಾನೊಂದರ ಹೊಟ್ಟೆ ಬಿಚ್ಚಿ ಕೂತಿದ್ದ.

"ಯಾಕೋ ಸುಳ್ಳು ಹೇಳಿದೆ ಅಕ್ಕನಿಗೆ? ಮಗಳಿಗೋಸ್ಕರ ಅಂತ ಯಾಕಂದೆ? ಆ ಹುಡುಗಿ ಅಲ್ಲೇ ನಿಂತು ಕೇಳಿಸ್ಕೊಂಡಳು ಕಣೋ."

"ಅವಳಿಗೆ ಗೊತ್ತಿದೆ. ಮೊದಲಿನಿಂದಲೂ ಗೊತ್ತಿತ್ತು" ಎಂದ.

"ಅಕ್ಕನಿಗೆ ನಿಜ ಹೇಳಿಬಿಡು. ಒಂದು ದಿನ ಅಳ್ತಾರೆ, ಎರಡು ದಿನ ಅಳ್ತಾರೆ, ಆಮೇಲೆ ಸರಿಹೋಗ್ತಾರೆ."

ಅವನು ಸ್ಕ್ರೂ ಒಂದನ್ನು ತಿರುಗಿಸುತ್ತಲೇ ಇದ್ದ. "ಇವತ್ತು ಬೆಳಿಗ್ಗೆ ಮೇಲೆ ಹಾಡ್ತಿದ್ದಳು. ಪಾತ್ರೆ ತೊಳೀತಾ. ಸಿಟ್ಟಲ್ಲಿ ಇನ್ನೂ ಜೋರಾಗಿ ಹಾಡ್ತಿದ್ದಳು" ಎಂದ. ಆಮೇಲೆ ನನ್ನ ಮುಖ ನೋಡಿದ. "ನಾನು ಕೆಟ್ಟವನು ಅಂತ ಗೊತ್ತಾದ್ರೆ ಅವಳು ನನ್ನ ಬಿಡ್ತಾಳೆ. ದನಿ ಹೋಗಿದೆ ಅಂತ ಗೊತ್ತಾದ್ರೆ ಹಾಡೋದು ಬಿಡ್ತಾಳೆ. ನನ್ನ ಬಿಡಲಿ ಬಿಡು."

ನನಗೆ ಅವನ ಕೆನ್ನೆಗೆ ಎರಡು ಬಿಡಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ, ಅವನ ಮೇಜಿನ ಅಲ್ಲಾಡುವ ಕಾಲಿಗೆ ಒಂದು ತುಂಡು ಮರ ಸಿಕ್ಕಿಸಿ ಎದ್ದು ಬಂದೆ.

ಆಮೇಲಿನ ದಿನಗಳು ಆ ಮನೆಯಲ್ಲಿ ಹೇಗಿದ್ದವೆಂದು ಪುಟ್ಟಿ ಹೇಳುತ್ತಿದ್ದಳು. ಅಕ್ಕ ಮೇಲೆ ಬೇರೆ ಒಲೆ ಹೂಡಿಕೊಂಡರು. ಪುಟ್ಟಿಯ ಅಮ್ಮ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಪುಟ್ಟಿಯನ್ನು ಮಾತ್ರ ಕರೆದು ಕೂರಿಸಿಕೊಂಡು, "ನಿನ್ನ ತಪ್ಪೇನಿಲ್ಲ ಕಂದ, ನೀನು ಚೆನ್ನಾಗಿ ಹಾಡ್ತೀಯ" ಎಂದು ತಲೆ ಸವರುತ್ತಿದ್ದರಂತೆ. "ಅತ್ತೆ ಹಾಗೆ ಅಂದಾಗೆಲ್ಲ ನಿಜ ಬಾಯಿ ತುದಿಗೆ ಬರುತ್ತೆ ಮಾಮ, ಅಪ್ಪ ಆಣೆ ಹಾಕಿಸಿಕೊಂಡಿದ್ದಾರೆ" ಎಂದು ಅತ್ತಳು. ತಮ್ಮ ಎದುರಾದರೆ ಅಕ್ಕ ಗೋಡೆ ನೋಡಿಕೊಂಡು ದಾಟುತ್ತಿದ್ದರು. ಅವನು ಸಂಜೆ ಅಂಗಡಿ ಬೇಗ ಮುಚ್ಚಿ ಮನೆಗೆ ಹೋಗಿ, ಟಿವಿ ಆರಿಸಿ, ತಲೆ ಮೇಲೆತ್ತಿ ಕೂರುತ್ತಿದ್ದ. ಸೂರಿನಾಚೆಯಿಂದ ಒಡೆದ ದನಿಯ ಹಾಡು ಬರುತ್ತಿತ್ತು. ಅಷ್ಟು ಸಾಕಾಗಿತ್ತು ಅವನಿಗೆ.

ಅದೂ ಉಳಿಯಲಿಲ್ಲ. ಸೆಕ್ರೆಟರಿ ಸುಮ್ಮನಿರುವ ಪೈಕಿಯಲ್ಲ. ಅಕ್ಕನ ಮನೆಗೆ ಹೋಗಿ, ನೀವಿಲ್ಲದ ಶನಿವಾರಕ್ಕೆ ಜೀವವಿಲ್ಲ ಎಂದು ಹೇಳಿ ಬಂದ. ಅವನಿಗೆ ಎಲ್ಲ ಗೊತ್ತಿತ್ತು, ಆದರೂ ಯಾಕೆ ಹೋದನೋ. ಒಳ್ಳೆಯದು ಮಾಡಲು ಹೊರಟವರನ್ನು ತಡೆಯುವುದು ಕಷ್ಟ. ಅಕ್ಕ ಹೇಳಿದರಂತೆ, "ಬರ್ತೀನಿ. ಆದರೆ ಆ ಮೇಜಿನ ಮುಂದೆ ಅವನಿರಬಾರದು. ನನ್ನ ಗುಂಡಿ ನಾನೇ ಇಟ್ಟ ಜಾಗದಲ್ಲಿರಬೇಕು."

ವಾಲ್ಯೂಮ್ ನನ್ನ ಮರದ ಅಂಗಡಿಗೆ ಓಡಿ ಬಂದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಏನಾದ್ರೂ ಮಾಡೋ. ಸ್ಪೀಕರ್ ಕೆಟ್ಟಿದೆ ಅನ್ನು. ನಿನ್ನ ಡ್ರಮ್ಮು ಹರಿದುಹೋಯ್ತು ಅನ್ನು."

"ಒಂದು ವಾರ ಹರಿಯುತ್ತೆ. ಮುಂದಿನ ವಾರ?" ಎಂದೆ. "ನೀನೇ ಹೋಗಿ ಹೇಳು. ಸಭೆ ಎದುರಿಗೆ ಗೊತ್ತಾಗೋದಕ್ಕಿಂತ ನಿನ್ನ ಬಾಯಿಂದ ಗೊತ್ತಾಗಲಿ."

ಅವತ್ತು ಸಂಜೆ ಅವನು ಮೇಲಿನ ಬಾಗಿಲು ತಟ್ಟಿದನಂತೆ. ಅಕ್ಕ ತೆರೆದರು. ಇವನು ನಿಂತ. ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು, ಅವರು ಆ ಹಾಡನ್ನೇ ಗುನುಗುತ್ತ ಬಂದು ಬಾಗಿಲು ತೆರೆದಿದ್ದರು. "ಏನು?" ಎಂದರು. ಇವನ ಬಾಯಿಂದ ಹೊರಟಿದ್ದು, "ಮೇಲೆ ನೀರು ಬರ್ತಿದೆಯಾ?" ಅಷ್ಟೇ. ಬಾಗಿಲು ಮುಚ್ಚಿತು.

ಶನಿವಾರ ಕ್ಲಬ್ಬು ತುಂಬಿತ್ತು. ಮೆಟ್ಟಿಲ ಕೆಳಗಿನ ಮೇಜಿನ ಮುಂದೆ ಸೆಕ್ರೆಟರಿಯ ಅಳಿಯ ಹೊಸ ಅಂಗಿ ಹಾಕಿಕೊಂಡು ಕೂತಿದ್ದ. ಅಕ್ಕ ಬಂದವರೇ ಅಲ್ಲಿಗೆ ಹೋಗಿ, ತಮ್ಮ ಹೆಸರಿನ ಗುಂಡಿಯನ್ನು ತಮ್ಮ ಕೈಯಿಂದಲೇ ತುದಿಯವರೆಗೆ ಸರಿಸಿದರು. ಪುಟ್ಟಿ ಬಂದಿರಲಿಲ್ಲ. ಅಕ್ಕ ವೇದಿಕೆ ಹತ್ತಲೂ ಇಲ್ಲ. "ಈ ಸಲ ಇಲ್ಲೇ ಕೆಳಗೆ ನಿಂತು ಹಾಡ್ತೀನಿ. ನಿಮಗೆ ಕೇಳಿಸೋದು ನನಗೂ ಕೇಳಿಸಬೇಕು" ಎಂದರು. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಹಿಂದಿನ ಬಾಗಿಲ ಹೊರಗೆ, ಅರ್ಧ ಕತ್ತಲಲ್ಲಿ ವಾಲ್ಯೂಮ್ ನಿಂತಿದ್ದ. ವೇದಿಕೆಯಿಂದ ನನಗೆ ಕಾಣುತ್ತಿತ್ತು.

ನಾನು ತಾಳ ಶುರುಮಾಡಿದೆ. ಸಾಧ್ಯವಾದಷ್ಟು ಗಟ್ಟಿಯಾಗಿ ಬಾರಿಸಿದೆ, ಮುಚ್ಚಿಹೋಗಲಿ ಎಂದು. ಅಕ್ಕ ತಿರುಗಿ, "ಮೆತ್ತಗೆ" ಎಂದು ಸನ್ನೆ ಮಾಡಿದರು.

ಮೊದಲ ಸಾಲು ಗೋಡೆಯ ಸ್ಪೀಕರುಗಳಿಂದ ಕೋಣೆಯ ತುಂಬ ಬಂತು. ಒಣಗಿದ, ತರಿತರಿಯಾದ, ಸ್ವರದಿಂದ ಜಾರಿಹೋದ ದನಿ. ಅಕ್ಕ ಎರಡನೆಯ ಸಾಲಿಗೆ ಹೋದರು. ಅವರ ಹುಬ್ಬು ಗಂಟಿಕ್ಕಿತು. ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಮೇಲೇರುವ ಜಾಗ ಬಂತು. ಏರಲು ಹೋದರು. ಆ ಬಿರುಕು ಅಷ್ಟು ದೊಡ್ಡದಾಗಿ, ಕಿವಿ ಕೆಟ್ಟವರಿಗೂ ತಪ್ಪದ ಹಾಗೆ ಕೇಳಿಸಿತು.

ಅವರು ನಿಲ್ಲಿಸಿದರು. ನಾನೂ ನಿಲ್ಲಿಸಿದೆ.

"ಇದು ನನ್ನ ದನಿಯಾ?" ಎಂದು ಪಕ್ಕದಲ್ಲಿ ಕೂತಿದ್ದ ಕ್ಯಾಂಟೀನಮ್ಮನನ್ನು ಕೇಳಿದರು. ಸ್ಪೀಕರು ಅದನ್ನೂ ಎಲ್ಲರಿಗೂ ಕೇಳಿಸಿತು. ಕ್ಯಾಂಟೀನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಕ್ಕ ಮುಂದಿನ ಸಾಲಿನವರನ್ನು ನೋಡಿದರು, ಅದರ ಹಿಂದಿನವರನ್ನು ನೋಡಿದರು. ಎಲ್ಲರೂ ತಮ್ಮ ತಮ್ಮ ಮಂಡಿ ನೋಡುತ್ತ ಕೂತಿದ್ದರು. ಅವರಿಗೆ ಎಲ್ಲ ಅರ್ಥವಾಗುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಚಪ್ಪಾಳೆಗಳು, ತಳದಲ್ಲಿದ್ದ ಗುಂಡಿ, ತಮ್ಮ ಹೇಳಿದ ಸುಳ್ಳು, ನೀರು ಬರ್ತಿದೆಯಾ ಎಂದು ಕೇಳಿ ನಿಂತದ್ದು. ಒಂದೊಂದೂ ಅವರ ಮುಖದ ಮೇಲೆ ಬಂದು ಬಂದು ಹೋಯಿತು. ನನಗೆ ಎದ್ದು ಓಡಿಹೋಗೋಣ ಎನಿಸಿತು.

ಅವರ ಕಣ್ಣು ಹಿಂದಿನ ಬಾಗಿಲಲ್ಲಿ ತಮ್ಮನನ್ನು ಕಂಡಿತು. ಮೈಕು ಎತ್ತಿದರು.

"ಕೇಳಿಸ್ತೇನೋ?" ಎಂದರು. ಬಹಳ ಸಣ್ಣಗೆ.

ಬಾಗಿಲ ಹೊರಗಿನ ಕತ್ತಲಿಂದ ಒಂದು ಕೈ ಮೇಲೆದ್ದಿತು. ಅಕ್ಕ ಮೈಕನ್ನು ಕ್ಯಾಂಟೀನಮ್ಮನ ಮಡಿಲಲ್ಲಿಟ್ಟು, ಕುರ್ಚಿಗಳ ನಡುವೆ ನಡೆದು ಹೋಗಿ ಆ ಕೈ ಹಿಡಿದುಕೊಂಡರು. ಇಬ್ಬರೂ ಮನೆಗೆ ಹೋದರು.

ಈಗ ಅವರ ಮನೆಯಲ್ಲಿ ಒಂದೇ ಒಲೆ. ಮೇಲಿನ ಕೋಣೆಯ ಬಾಗಿಲು ಯಾವಾಗಲೂ ತೆರೆದಿರುತ್ತದೆ. ಅಕ್ಕ ತಮ್ಮ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ, ಸಾರಿಗೆ ಉಪ್ಪು ಕಡಿಮೆಯಾದರೆ ಜಗಳವಾಡುತ್ತಾರೆ. ಹೊರಗಿನಿಂದ ನೋಡಿದವರು ಎಲ್ಲ ಸರಿಹೋಯಿತಲ್ಲ ಎನ್ನುತ್ತಾರೆ. ಪುಟ್ಟಿ ಶನಿವಾರ ಹಾಡುತ್ತಾಳೆ, ಅಕ್ಕನೇ ಬಲವಂತ ಮಾಡಿ ಕಳಿಸುತ್ತಾರೆ. ವಾಲ್ಯೂಮ್ ಮತ್ತೆ ಮೆಟ್ಟಿಲ ಕೆಳಗೆ ಕೂರುತ್ತಾನೆ. ಅವನ ಯಂತ್ರದಲ್ಲಿ ಅಕ್ಕ ಎಂಬ ಪಟ್ಟಿ ಹಾಗೇ ಇದೆ, ಆ ಗುಂಡಿಗೆ ಯಾವ ಮೈಕನ್ನೂ ಸಿಕ್ಕಿಸುವುದಿಲ್ಲ. ಶುರುವಾಗುವ ಮುಂಚೆ ಯಾರೂ ಏನೂ ಕೇಳುವುದಿಲ್ಲ. ನಾನು ಸುಮ್ಮನೆ ಒಂದು ಎರಡು ಎಣಿಸಿ ಶುರುಮಾಡುತ್ತೇನೆ.

ಮೊನ್ನೆ ಅವರ ಅಡುಗೆಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿದೆ ಎಂದು ಕರೆದಿದ್ದರು. ಸಂಜೆ ಬಾಗಿಲು ಕಳಚಿ ಉಳಿ ಹಾಕುತ್ತಿದ್ದೆ, ಅವನು ಆ ತುದಿ ಹಿಡಿದುಕೊಂಡಿದ್ದ. ಕರೆಂಟು ಹೋಯಿತು. ಉಳಿ ಬೆರಳಿಗೆ ತಗುಲೀತೆಂದು ಕೈ ನಿಲ್ಲಿಸಿದೆ. ಕತ್ತಲಲ್ಲಿ ಅವನ ಉಸಿರು ಬದಲಾದದ್ದು ಕೇಳಿಸಿತು. ತಲೆ ನರೆತ ಗಂಡಸು, ಆರು ವರ್ಷದ ಮಗುವಿನ ಹಾಗೆ ಇದ್ದಲ್ಲೇ ನಿಂತಿದ್ದ.

"ಅಕ್ಕಾ..." ಎಂದ.

ಮೇಲೆ ಕುರ್ಚಿ ಸರಿದ ಸದ್ದಾಯಿತು.

"ಇದ್ದೀನಿ ಕಣೋ," ಎಂದರು ಅಕ್ಕ.

ಅವನು ಮುಖ ಮೇಲೆತ್ತಿಕೊಂಡು ಕಾದ. ನಾನೂ ಕಾದೆ. ಅಷ್ಟೇ, ಇನ್ನೇನೂ ಬರಲಿಲ್ಲ. ಆಮೇಲೆ ಅವನು ಬಾಗಿಲನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ತಡವರಿಸುತ್ತ ಹೋಗಿ, ಡ್ರಾಯರಿನಿಂದ ಮೇಣದಬತ್ತಿಯ ಪೊಟ್ಟಣ ತೆಗೆದ. ಹೊಸದು. ಇನ್ನೂ ಒಡೆದಿರಲಿಲ್ಲ.